ಸದ್ದಿಲ್ಲದವರು

“ಆ ಹೆಂಗಸಿಗೂ ಒಂದು ತಟ್ಟೆ ಇಡೇ. ಪಾಪ, ಆಗಿನಿಂದ ಸುಮ್ಮನೆ ಕೂತಿದ್ದಾರೆ,” ಎಂದಳು ತಾಯಿ.

ಮೇಜಿನ ಸುತ್ತ ಊಟಕ್ಕೆ ಕೂತಿದ್ದವರೆಲ್ಲ ಅವಳು ಕೈ ತೋರಿಸಿದ ಕಡೆ ತಿರುಗಿದರು. ಕುರ್ಚಿ ಖಾಲಿಯಿತ್ತು. ಯಾರೋ ಕೆಮ್ಮಿದರು. ಬಡಿಸುತ್ತಿದ್ದ ಮಗಳ ಕೈ ಅಲ್ಲೇ ನಿಂತಿತು. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಹೋಗಿರುತ್ತಿದ್ದಳು.

ಬಂದಿದ್ದವರು ಹೇಗೋ ಸಮಾಧಾನ ಹೇಳಿ ಕಳಿಸಬಹುದಾದ ನೆಂಟರಲ್ಲ. ಮಗಳ ಪ್ರಯೋಗಾಲಯದ ಹಿರಿಯ ಮೇಡಂ, ಜೊತೆಗೆ ಇಬ್ಬರು ಸಹೋದ್ಯೋಗಿಗಳು. ದೃಷ್ಟಿ ಕುಂದಿದವರ ಮಿದುಳು ಏನನ್ನು ಹೇಗೆ ನೋಡುತ್ತದೆ ಎಂದು ತಿಳಿಯುವುದೇ ಆ ಪ್ರಯೋಗಾಲಯದ ಕೆಲಸ. ಮೂವರಿಗೂ ವಿಷಯ ತಕ್ಷಣ ಅರ್ಥವಾಯಿತು. ಅರ್ಥವಾಗದವರಂತೆ ತಲೆ ತಗ್ಗಿಸಿ ಉಂಡರು. ಮಗಳಿಗೆ ಅದೇ ಹೆಚ್ಚಿನ ಅವಮಾನ. ಊರಿಗೆಲ್ಲ ಕಣ್ಣಿನ ಪಾಠ ಹೇಳುವವಳಿಗೆ ಸ್ವಂತ ತಾಯಿಯ ಕಣ್ಣು ತಿಳಿಯಲಿಲ್ಲವೇ ಎಂದು ಅವರು ದಾರಿಯಲ್ಲಿ ಆಡಿಕೊಂಡಿರಲೇಬೇಕು.

ಅವರು ಹೊರಟ ಮೇಲೆ ಮಗಳು ತಾಯಿಯನ್ನು ಎದುರು ಕೂರಿಸಿಕೊಂಡಳು.

“ಯಾವಾಗಿನಿಂದಮ್ಮ ಇದು?”

“ಕಣ್ಣು ಮಸುಕಾದಾಗಿನಿಂದ.” ತಾಯಿಯ ದನಿ ಇಳಿಯಿತು. “ಹುಚ್ಚು ಹಿಡಿದಿದೆ ಅಂತೀರಿ ಅಂತ ಹೇಳಲಿಲ್ಲ. ನನಗೇ ನಾಚಿಕೆ.”

“ಹುಚ್ಚಲ್ಲ. ನಿನ್ನ ಕಣ್ಣಿನ ನಡುಭಾಗ ಸವೆದಿದೆ. ಅಲ್ಲಿಂದ ಸುದ್ದಿ ಬರದೇ ಹೋದ್ರೆ ಮಿದುಳು ಸುಮ್ಮನಿರಲ್ಲ, ತಾನೇ ಚಿತ್ರ ಬರೆದುಕೊಳ್ಳುತ್ತೆ.”

“ಎಷ್ಟು ಚೆನ್ನಾಗಿ ಬರೆಯುತ್ತೆ ಅಂತೀಯ! ಇರೋರೆಲ್ಲ ಮಸುಕು, ಇಲ್ಲದೋರೇ ಸ್ಪಷ್ಟ. ನಿನ್ನ ಮುಖ ನನಗೆ ಕಲಸಿದ ಹಿಟ್ಟಿನ ಹಾಗಿದೆ. ಆ ಹೆಂಗಸಿನ ರೆಪ್ಪೆ ಕೂದಲು ಎಣಿಸಬಹುದಿತ್ತು.”

“ಹೂಂ, ಹಾಗೇ ಇರುತ್ತೆ,” ಎಂದಳು ಮಗಳು. ಅದು ಅವಳು ಓದಿ ಅರಗಿಸಿಕೊಂಡ ವಿಷಯ. ಈಗ ಬೇಕಾಗಿದ್ದದ್ದು ಬೇರೆ. ನಾಲ್ಕು ಜನರ ಮುಂದೆ ಇಂಥದ್ದು ಇನ್ನೊಮ್ಮೆ ನಡೆಯಬಾರದು. ಅದಕ್ಕೊಂದು ಸುಲಭದ ನಿಯಮ ಬೇಕು.

ನಿಯಮ ಸಿದ್ಧವಾಯಿತು. “ಅವರು ಸದ್ದು ಮಾಡಲ್ಲಮ್ಮ. ಸದ್ದಿಲ್ಲ ಅಂದ್ರೆ ಆಳೂ ಇಲ್ಲ. ಮಾತಾಡಿಸಬೇಡ, ಬಗ್ಗಿ ನೋಡಬೇಡ. ನಿನ್ನ ಪಾಡಿಗೆ ನೀನು ನಡೆದುಬಿಡು.”

“ಹಾಗಾದ್ರೆ ನಿಮ್ಮಪ್ಪ ಮದುವೆಯಾದಾಗಿನಿಂದ ಇಲ್ಲ ಅಂತಾಯ್ತು.”

ಕಿಟಕಿಯ ಬಳಿ ಕೂತಿದ್ದ ತಂದೆ ನಕ್ಕರು. ಮಾತಾಡಿದರೆ ಎಲ್ಲಿ ಮುತ್ತು ಉದುರೀತೋ ಎನ್ನುವಂಥ ಮನುಷ್ಯ. ಅಂದು ಮಾತ್ರ ಬಾಯಿಬಿಟ್ಟರು.

“ಅವಳು ಮಾತಾಡಿಸಿಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?”

“ಮರ್ಯಾದೆ ಹೋಗುತ್ತಪ್ಪ.”



ತಾಲೀಮು ಶುರುವಾಯಿತು. ಮೊದಮೊದಲು ತಾಯಿ ತಪ್ಪುತ್ತಿದ್ದಳು. ಬಾಗಿಲಲ್ಲಿ ನಿಂತ ಯಾರಿಗೋ “ಸ್ವಲ್ಪ ದಾರಿ ಬಿಡಿ” ಎನ್ನುವಳು. ಹಿಂದಿನಿಂದ ಮಗಳು “ಅಮ್ಮಾ” ಎಂದರೆ ಸಾಕು, ಪಾಠ ಒಪ್ಪಿಸಲಾರದ ಹುಡುಗಿಯಂತೆ ಮುಖ ಸಣ್ಣದಾಗುತ್ತಿತ್ತು. ಬಯ್ದದ್ದಲ್ಲ, ಬರೀ ಕರೆದದ್ದು ಎಂದು ಮಗಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಸುಳ್ಳು. ಆ ದನಿಯಲ್ಲಿ ಬಯ್ಗುಳವಿತ್ತು, ಅದು ಇಬ್ಬರಿಗೂ ಗೊತ್ತಿತ್ತು.

ಬರಬರುತ್ತಾ ತಾಯಿ ಪಳಗಿದಳು. ಎಷ್ಟೆಂದರೆ, ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದ ಗಂಡನಿಗೇ ಒಮ್ಮೆ ಢಿಕ್ಕಿ ಹೊಡೆದಳು. ಅಂದಿನಿಂದ ತಂದೆ ಯಾವ ಕೋಣೆಗೆ ಬರುವಾಗಲೂ ಮೊದಲು ಕೆಮ್ಮಿ ಬರತೊಡಗಿದರು. ಅದನ್ನು ಮಗಳು ಪ್ರಯೋಗಾಲಯದಲ್ಲಿ ಹೇಳಿ ಎಲ್ಲರನ್ನೂ ನಗಿಸಿದಳು. ಅದೇ ಬಿಸಿಯಲ್ಲಿ ಮೇಡಂ ಮುಂದೆ ಒಂದು ಮಾತನ್ನೂ ಇಟ್ಟಳು. ಇಂಥ ರೋಗಿಗಳಿಗೆಲ್ಲ ಈ ನಿಯಮವನ್ನೇ ಕಲಿಸಿದರೆ ಹೇಗೆ?

“ನಿಮ್ಮ ತಾಯಿಯನ್ನ ಒಂದು ಸಲ ನೋಡಿ ಹೇಳ್ತೀನಿ,” ಎಂದರು ಮೇಡಂ.

ಹೀಗೆ ಎರಡನೇ ಊಟ ಗೊತ್ತಾಯಿತು. ಕೆಲಸ ಮುಗಿಸಿ ಮಗಳು ಆ ಮೂವರನ್ನೂ ನೇರ ಮನೆಗೇ ಕರೆತಂದಳು. ತಾಯಿ ತಾನೇ ಬಾಗಿಲು ತೆರೆದಳು. ಎಲ್ಲರನ್ನೂ ದನಿಯಿಂದಲೇ ಗುರುತಿಸಿ ಕೂರಿಸಿದಳು. ಮಾತಿನ ನಡುವೆ ಮೂಲೆಯತ್ತ ಒಮ್ಮೆ ಮುಖ ತಿರುಗಿಸಿ, ಏನೂ ಆಗದವಳಂತೆ ಮತ್ತೆ ಇತ್ತ ತಿರುಗಿದಳು.

“ಅಲ್ಲಿ ಯಾರಾದ್ರೂ ಇದ್ದಾರಾ?” ಮೇಡಂ ಕೇಳಿದರು.

“ನೀಲಿ ಟೋಪಿಯವನೊಬ್ಬ ಇದ್ದಾನೆ. ಅಂಗಿ ಗುಂಡಿ ಒಂದು ಕಿತ್ತುಹೋಗಿದೆ. ಇರಲಿ ಬಿಡಿ, ಊಟ ಕೇಳಲ್ಲವಲ್ಲ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಗಳ ಎದೆಯ ಮೇಲಿನ ಕಲ್ಲು ಇಳಿಯಿತು. “ಅಪ್ಪ ಎಲ್ಲಮ್ಮ?”

“ಹಣ್ಣು ತರಬೇಕು ಅಂತಿದ್ರು, ಹೋಗಿರಬೇಕು. ಅವರು ಬಂದ್ರೆ ಕೆಮ್ಮು, ಹೋದ್ರೆ ಅದೂ ಇಲ್ಲ.”

“ಈಗ ಒಂದು ಸಲವೂ ಮೋಸ ಹೋಗಲ್ವಾ ನೀವು?” ಮೇಡಂ ಬಿಡಲಿಲ್ಲ.

“ಇವತ್ತಿನದೇ ಕೇಳಿ.” ತಾಯಿ ನೆಟ್ಟಗೆ ಕೂತಳು. “ಮಧ್ಯಾಹ್ನ ಒಣಗಿದ ಬಟ್ಟೆ ತೆಗೆಯೋಕೆ ಹಿತ್ತಲಿಗೆ ಹೋದೆ. ಮೆಟ್ಟಿಲ ಹತ್ತಿರ ಯಾರೋ ಅಡ್ಡ ಬಿದ್ದಿದ್ರು. ಮುಂಚೆ ಆಗಿದ್ರೆ ಕೂಗಾಡಿ ಬೀದಿಯವರನ್ನೆಲ್ಲ ಸೇರಿಸಿ, ಇವಳ ಮಾನ ಕಳೀತಿದ್ದೆ. ಇವತ್ತು ನಿಂತು ಕಿವಿಗೊಟ್ಟೆ. ಒಂದು ಸದ್ದೂ ಇಲ್ಲ. ದಾಟಿಕೊಂಡು ಬಂದೆ.”

ಮೇಡಂ ಚಪ್ಪಾಳೆ ತಟ್ಟಿದರು. “ಇದನ್ನ ಎಲ್ಲರಿಗೂ ಕಲಿಸೋಣ,” ಎಂದರು.

ಮಗಳು ತಾಯಿಯ ಕೈ ಹಿಡಿದುಕೊಂಡಳು. ಇಷ್ಟು ದಿನ ಇವಳಿಂದಾಗಿ ನಾಚಿಕೊಂಡೆನಲ್ಲ ಎಂದು ಈಗ ನಾಚಿಕೆಯಾಯಿತು. ಕಣ್ಣು ತುಂಬಿ ಬಂದದ್ದನ್ನು ಮರೆಮಾಡಲು ತಮಾಷೆಗೆಂದು ಕೇಳಿದಳು:

“ಅವರದೂ ರೆಪ್ಪೆ ಎಣಿಸಿದೆಯೇನಮ್ಮ?”

“ಎಲ್ಲಿ ಎಣಿಸೋದು, ಅವರ ಮುಖವೇ ಕಾಣಲಿಲ್ಲ ಕಣೇ,” ಎಂದಳು ತಾಯಿ. “ನಿಮ್ಮೆಲ್ಲರ ಹಾಗೇ, ಪೂರ್ತಿ ಮಸುಕು.”