ಐದನೆಯ ಚೌಕ

“ಒಪ್ಪಿಗೆ”, “ನಂದೂ ಒಪ್ಪಿಗೆ” ಎಂದು ಪರದೆಯ ಮೇಲಿನ ನಾಲ್ಕೂ ಚೌಕಗಳು ಒಂದೇ ಶ್ರುತಿಗೆ ಬಂದಾಗ ಮೇಡಂಗೆ ಕೈ ಮುಗಿಯಬೇಕೆನಿಸಿತು. ಡಾಕ್ಟರ್, ನರ್ಸ್, ಫಾರ್ಮಸಿ, ಫಿಸಿಯೋಥೆರಪಿ ಓದುವ ಈ ನಾಲ್ವರಿಗೆ ಒಬ್ಬರ ಮಾತನ್ನೊಬ್ಬರು ಕೇಳುವುದನ್ನು ಆನ್‌ಲೈನಿನಲ್ಲಿ ಕಲಿಸಹೋಗಿ, ಮೂರು ತಿಂಗಳಿಂದ ಅವಳ ಗಂಟಲು ಒಣಗಿತ್ತು. ಇವತ್ತು, ಸೊಂಟದ ಮೂಳೆ ಮುರಿದ ಅಜ್ಜಿಯೊಬ್ಬರನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವ ಯೋಜನೆಯನ್ನು ಜಗಳವಿಲ್ಲದೆ ಮುಗಿಸಿದ್ದರು. ಪೂರ್ತಿ ಅಂಕ ಹಾಕಿ ತರಗತಿ ಮುಗಿಸಿದರೆ ಸಾಕಾಗಿತ್ತು ಅವಳಿಗೆ.

ಆಗ ಐದನೆಯ ಚೌಕ ಕಣ್ಣಿಗೆ ಬಿತ್ತು. ರೋಗಿಯ ಪಾತ್ರಕ್ಕೆಂದು ಪಕ್ಕದ ಕೋಣೆಯಲ್ಲಿ ಫೋನು ಕೊಟ್ಟು ಕೂರಿಸಿದ್ದ ಅವಳ ಅತ್ತೆ, ಒಂದು ಕೈ ಮೇಲೆತ್ತಿ, ಅದಕ್ಕೆ ಇನ್ನೊಂದು ಕೈಯ ಆಸರೆ ಕೊಟ್ಟು ಕೂತಿದ್ದರು. ಕೆಮ್ಮು ಕೇಳಿಸೀತೆಂದು ಅವರ ಮೈಕು ಆರಿಸಿದ್ದವಳು ಅವಳೇ. ಎದ್ದು ಆ ಕೋಣೆಗೆ ಹೋಗಿ ಮೈಕು ಒತ್ತಿದಳು.

“ಅಬ್ಬಾ, ತೋಳೇ ಬಿದ್ದೋಯ್ತು ಕಣ್ರಪ್ಪಾ!” ಅತ್ತೆ ನಕ್ಕರು. “ಎಲ್ಲಾ ಚೆನ್ನಾಗಿ ಮಾತಾಡ್ಕೊಂಡ್ರಿ. ಆದ್ರೆ ಮಲಗೋಳು ನಾನಲ್ವಾ? ನಂಗೆ ಮಹಡಿ ಮೇಲಿನ ನನ್ನ ಕೋಣೇನೇ ಬೇಕು. ನಿಧಾನಕ್ಕೆ ಹತ್ತುತೀನಿ.”

ಡಾಕ್ಟರ್ ಓದುವ ಹುಡುಗಿ ಗಡಬಡಿಸಿ ಹಾಳೆ ತಿರುವಿದಳು. “ಮೇಡಂ, ಈ ಕೇಸಲ್ಲಿ ಮಹಡೀನೇ ಇಲ್ವಲ್ಲ?”

ಹೋದ ತಿಂಗಳು ಅತ್ತೆ ಆಸ್ಪತ್ರೆಯಿಂದ ಬರುವಷ್ಟರಲ್ಲಿ, ಡಾಕ್ಟರನ್ನೂ ಗಂಡನನ್ನೂ ಒಪ್ಪಿಸಿ, ಅವರ ಮಂಚವನ್ನು ಈ ಕೆಳಗಿನ ಕೋಣೆಗೆ ತರಿಸಿದ್ದಳು ಸೊಸೆ. ಈಗ ಅದೇ ಮಂಚದ ಅಂಚಿನಲ್ಲಿ, ಅತ್ತೆಯ ಪಕ್ಕ ಕುಳಿತಳು.

“ಈ ಮನೇಲಿ ಇದೆ ಮಗೂ,” ಎಂದಳು. “ಅವರನ್ನ ಒಂದು ಮಾತು ಕೇಳದೆ ಕೆಳಗಿಳಿಸಿದವಳು ನಾನು.”