ಮುನಿಶಾಮಮ್ಮನ ಮದ್ದು

ಮುನಿಶಾಮಮ್ಮ ತೀರಿಕೊಂಡ ಸುದ್ದಿ ಊರಿಗೆ ತಿಳಿದ ದಿನ ಅವಳ ಮನೆಗೆ ಮೊದಲು ಬಂದವನು ಅಳುವುದಕ್ಕೆ ಬಂದವನಲ್ಲ, ತುರಿಸಿಕೊಳ್ಳುತ್ತ ಬಂದವನು. ಉರಿಗಾಂನ ಗಣಿ ಕೆಲಸಗಾರ ಆರುಮುಗಂ ಪಾಳಿ ಮುಗಿಸಿ, ಮೊದಲ ಬಸ್ಸಿಗೆ ಬಂಗಾರಪೇಟೆಗೆ ಬಂದು, ಅಲ್ಲಿಂದ ಎರಡು ಮೈಲಿ ನಡೆದಿದ್ದ. ತಿಗಣೆ ಕಚ್ಚಿ ಅವನ ಎರಡು ತೋಳುಗಳೂ ದದ್ದೆದ್ದು ಕೆಂಪಾಗಿದ್ದವು. ಅಂಗಳದಲ್ಲಿ ಮಲಗಿಸಿದ್ದ ದೇಹವನ್ನು ಕಂಡು ಕೈ ಮುಗಿದ. ಮುಗಿದ ಕೈಯಿಂದಲೇ ಇನ್ನೊಂದು ಕೈಯನ್ನು ಕೆರೆದುಕೊಂಡ.

"ಅಯ್ಯೋ ಪೆರಿಯಮ್ಮಾ, ಇವತ್ತೇ ಓಗ್ಬೇಕಿತ್ತಾ?" ಎಂದು ಅವನು ಅತ್ತದ್ದು ಮನಸಾರೆಯೇ. ಒಂದು ದಿನ ತಡೆದಿದ್ದರೆ ಆಗುತ್ತಿತ್ತು ಎಂಬ ದುಃಖವೂ ಅದರಲ್ಲಿ ಬೆರೆತಿತ್ತು.

ಸೊಳ್ಳೆಯೋ, ತಿಗಣೆಯೋ, ಕಣಜವೋ, ಏನು ಕಚ್ಚಿದರೂ ಸುತ್ತಿನ ಜನ ಮುನಿಶಾಮಮ್ಮನ ಬಾಗಿಲಿಗೆ ಬರುತ್ತಿದ್ದರು. ಅವಳು ಒಳಗೆ ಬಾಗಿಲು ಹಾಕಿಕೊಂಡು ಏನನ್ನೋ ಅರೆದು ತಂದು ಹಚ್ಚುತ್ತಿದ್ದಳು. ಹೋಗುವಾಗ ಅವರು ಕೆರೆದುಕೊಳ್ಳುವುದನ್ನು ಮರೆತಿರುತ್ತಿದ್ದರು.

ಚಟ್ಟ ಸಿದ್ಧವಾಯಿತು. ಹೆಗಲು ಕೊಡುವವರು ಬಗ್ಗಿದರು. ಅಷ್ಟರಲ್ಲಿ ತವರಿನ ಸೀರೆ ಹೊದಿಸಿ ನಿಂತಿದ್ದ ಅವಳ ತಮ್ಮ ಆಂಜಿನಪ್ಪ ಕೈ ಅಡ್ಡ ಹಿಡಿದ.

"ಎತ್ತಬ್ಯಾಡಿ. ಬಾವ, ಅಕ್ಕ ಮದ್ದನ್ನ ಯಾರ ಕೈಗೆ ಕೊಟ್ಟೋದ್ಳು?"

"ಯಾರ್ಗೂ ಇಲ್ಲಪ್ಪ" ಎಂದ ಗಂಡ ಅಶ್ವತ್ಥಪ್ಪ. "ಮಲಗ್ದೋಳು ಏಳ್ಲೇ ಇಲ್ಲ. ಯಾವಾಗ ಕೊಡ್ತಾಳೆ?"

"ಅಂಗಂದ್ರೆ ಎಂಗೆ? ಮದ್ದು ಕೈ ಬದಲಾಗ್ದೆ ಮಣ್ಣಿಗೋದೋರ ಜೀವಕ್ಕೆ ನೆಲೆ ಐತಾ? ಮನೆ ಸುತ್ತಾನೇ ತಿರುಗ್ತಾ ಇರ್ತದೆ. ನಾನು ತವರಿನೋನು. ನಮ್ಮಕ್ಕನ್ನ ಅಂಗೆ ಕಳ್ಸಾಕೆ ಬಿಡಲ್ಲ."

ಹಿರಿಯರು ಹೌದೆಂದು ತಲೆಯಾಡಿಸಿದರು. ತವರಿನವರು ಒಪ್ಪದೆ ಹೆಣ ಎತ್ತುವಂತಿಲ್ಲ. ಬಿಸಿಲು ಏರುತ್ತಿತ್ತು.

ಅಶ್ವತ್ಥಪ್ಪನಿಗೆ ಮದ್ದು ಗೊತ್ತಿತ್ತು. ನಲವತ್ತು ವರ್ಷ ಅದನ್ನು ಕಿತ್ತು ತಂದುಕೊಟ್ಟವನೇ ಅವನು. "ಗೊತ್ತಾದ್ರೆ ಯಾರೂ ನಂಬಲ್ಲ, ನಂಬ್ದಿದ್ರೆ ವಾಸಿ ಆಗಲ್ಲ" ಎಂದು ಅವಳು ಅವನ ಬಾಯಿ ಕಟ್ಟಿದ್ದಳು. ಅವನು ಚಟ್ಟದ ಕಡೆ ನೋಡಿದ. ಅರಿಶಿನದ ನೀರಿನಲ್ಲಿ ಮೀಯಿಸಿದ್ದರೂ ಅವಳ ಉಗುರಿನಡಿಯ ಹಸಿರು ಹೋಗಿರಲಿಲ್ಲ. ಈ ಜೀವ ಮನೆ ಸುತ್ತ ಅಲೆಯಬೇಕೆ? ಅವನು ಕಣ್ಣೊರೆಸಿಕೊಂಡ.

"ಕೇಳ್ರಪ್ಪ, ಎಲ್ಲರ ಮುಂದೇನೇ ಹೇಳ್ತೀನಿ. ತುಂಬೆ ಸೊಪ್ಪು, ಎರಡು ಹರಳು ಉಪ್ಪು. ಅರೆದು ಹಚ್ಚೋದು. ಅಷ್ಟೇ."

ಅಂಗಳದಲ್ಲಿ ಅಳುತ್ತಿದ್ದವರೂ ಅಳು ನಿಲ್ಲಿಸಿದರು.

"ಯಾವ ತುಂಬೆ?" ಎಂದ ಆಂಜಿನಪ್ಪ.

"ಯಾವುದಂದ್ರೆ? ತಿಪ್ಪೆ ಪಕ್ಕ ಬೆಳೆಯೋದು."

"ಬಾವ, ಹೆಣದ ಮುಂದೆ ತಮಾಷೆ ಬ್ಯಾಡ. ನಮ್ಮ ತಿಪ್ಪೆ ಪಕ್ಕಾನೂ ಬೇಕಾದಷ್ಟು ಐತೆ. ಅದೇ ಮದ್ದಾಗಿದ್ರೆ ನಾವ್ಯಾಕೆ ಕೆರ್ಕೊಂಡು ಇಲ್ಲಿಗಂಟ ಬತ್ತಿದ್ವಿ?"

"ಅಯ್ಯಾ, ನಾನು ಮೂರು ವರ್ಷದಿಂದ ಬಸ್ಸತ್ತಿ ಬತ್ತಾ ಇದೀನಿ" ಎಂದ ಆರುಮುಗಂ, ಮನಸ್ಸು ನೊಂದು. "ನಮ್ಮ ಮೋರಿ ಪಕ್ಕ ಇರೋ ಗಿಡಕ್ಕಾ?"

"ದೇವರಾಣೆಗೂ ನಿಜ ಕಣಯ್ಯ."

ಆಂಜಿನಪ್ಪ ಭಾವನ ಮುಖವನ್ನೇ ನೋಡಿದ. ಆಮೇಲೆ ಏನೋ ಹೊಳೆದವನಂತೆ ಹತ್ತಿರ ಬಂದು ಅವನ ಭುಜ ಮುಟ್ಟಿದ.

"ಗೊತ್ತಾಯ್ತು ಬಿಡಿ. ನಿಜವಾದ ಮದ್ದನ್ನ ಇಷ್ಟು ಜನದೆದುರು ಯಾರು ಹೇಳ್ತಾರೆ? ನಿಮ್ಮ ಕೈಗೇ ಕೊಟ್ಟವ್ಳೆ. ನಮಗೆ ಅಷ್ಟು ತಿಳಿದ್ರೆ ಸಾಕು." ತಿರುಗಿ ಕೂಗಿದ: "ಎತ್ರಪ್ಪ! ಅಕ್ಕನ ಜೀವ ನೆಮ್ಮದಿಯಾಗಿ ಓಗ್ತದೆ."

ಆಣೆಯಿಟ್ಟು ಹೇಳಿದ ನಿಜದಿಂದ ಏಳದ ಚಟ್ಟ, ಅವನು ಹೇಳದ ಸುಳ್ಳಿನಿಂದ ಎದ್ದಿತು.

ಹೊಲದ ಮೂಲೆಯಲ್ಲಿ ಗುಂಡಿ ತೋಡುವಾಗ ಕೆಂಪಿರುವೆಯ ಗೂಡು ಒಡೆದುಹೋಗಿತ್ತು. ನಿಂತವರ ಕಾಲನ್ನೆಲ್ಲ ಇರುವೆಗಳು ಹತ್ತಿ ಕಚ್ಚಿದವು. ಗುಂಡಿಗೆ ಉಪ್ಪು ಸುರಿದು, ಎಲ್ಲರೂ ಮೂರು ಹಿಡಿ ಮಣ್ಣು ಹಾಕಿ, ಮುಚ್ಚಿದ್ದಾಯಿತು. ಇನ್ನು ಸ್ನಾನಕ್ಕೆ ಹೋಗಬೇಕು. ಯಾರೂ ಹೋಗಲಿಲ್ಲ. ಆರುಮುಗಂ ಅಶ್ವತ್ಥಪ್ಪನ ಮುಂದೆ ಬಂದು ತೋಳು ಚಾಚಿದ. ಅವನ ಹಿಂದೆ ಆಂಜಿನಪ್ಪ ಪಂಚೆ ಎತ್ತಿ ಕಾಲು ತೋರಿಸುತ್ತ ನಿಂತ. ಅವನ ಹಿಂದೆ ಉಳಿದವರು.

ಅವರ ಕಾಲ ಬಳಿಯೇ, ಹೊಸ ಮಣ್ಣಿನ ಸುತ್ತಲೂ, ಮೊಣಕಾಲುದ್ದ ತುಂಬೆ ಬೆಳೆದು ಬೆಳ್ಳಗೆ ಹೂ ಬಿಟ್ಟಿತ್ತು. ಅಶ್ವತ್ಥಪ್ಪ ಬಗ್ಗಿ ಒಂದು ಹಿಡಿ ಕಿತ್ತ. ಗುಂಡಿಗೆ ಹಾಕಿ ಮಿಕ್ಕ ಉಪ್ಪನ್ನು ಬೆರೆಸಿ ಅಂಗೈಯಲ್ಲಿ ಉಜ್ಜಿದ. ತಲೆಯೆತ್ತಿದರೆ ಎಲ್ಲರೂ ಅವನಿಗೆ ಬೆನ್ನು ಮಾಡಿ ನಿಂತಿದ್ದರು. ಆರುಮುಗಂ ಕೂಡ ತೋಳನ್ನು ಹಿಂದಕ್ಕೆ ಚಾಚಿ, ಬಂಗಾರಪೇಟೆಯ ರಸ್ತೆಯನ್ನು ನೋಡುತ್ತಿದ್ದ.

"ನಾವ್ಯಾರೂ ನೋಡ್ತಿಲ್ಲ ಬಾವ" ಎಂದ ಆಂಜಿನಪ್ಪ. "ನೀವು ಅಚ್ಚಿ."

ಅಶ್ವತ್ಥಪ್ಪ ಹಚ್ಚುತ್ತ ಹೋದ. ಹಚ್ಚಿಸಿಕೊಂಡವರು ಒಬ್ಬೊಬ್ಬರೇ, "ಅದೇ ಕೈಗುಣ" ಎನ್ನುತ್ತ ಕೆರೆಯ ಕಡೆ ನಡೆದರು. ಎಲ್ಲರೂ ಹೋದ ಮೇಲೆ ಅವನು ಹಸಿರಾದ ಎರಡೂ ಕೈಗಳನ್ನು ಜೋಡಿಸಿ ಹೊಸ ಮಣ್ಣಿನ ಮುಂದೆ ನಿಂತ.

"ಶಿವನೇ, ಅವಳ ಗುಟ್ಟನ್ನು ನಾನು ಊರಿಗೆಲ್ಲ ಹೇಳಿಬಿಟ್ಟೆ. ಒಬ್ಬರೂ ನಂಬದಂತೆ ನೀನು ಕಾಪಾಡಿದೆ. ಇನ್ನು ಅವಳಿಗೆ ಶಾಂತಿ ಕೊಡು, ತಂದೆ."