ನಾಲ್ಕನೆಯ ಹೆಸರು

ಸಿಡಿಲಿಗೆ ಹಳೆಯ ರೂಟರ್ ಸುಟ್ಟುಹೋಗಿತ್ತು. ಹೊಸದನ್ನು ಕೂರಿಸಿ, ಆ ಮನೆಯ ಮೂರು ಕಂಪ್ಯೂಟರ್‌ಗಳಿಗೆ ವೈಫೈ ಕೊಡಲು ಹೋಗಿದ್ದೆ.

"ಹಳೇ ಹೆಸರು, ಹಳೇ ಪಾಸ್‌ವರ್ಡೇ ಇರ್ಲಪ್ಪ," ಎಂದರು ಮನೆಯಾಕೆ. "ನನ್ನ ಮಗಳ ಫೋನಿಗೆ ಅದೇ ಗೊತ್ತಿರೋದು. ಅವಳು ಬಂದ್ರೆ ತಾನಾಗೇ ಹತ್ಕೊಳ್ಳುತ್ತೆ."

"ಸತ್ತೋಳು ಎಲ್ಲಿಂದ ಬರ್ತಾಳೆ?" ಗಂಡ ರೇಗಿದರು. "ಆ ಫೋನನ್ನ ಅವಳ ಬೂದಿ ಜೊತೆಗೇ ಹೊಳೆಗೆ ಬಿಟ್ಟು ಬಂದಿದೀನಿ. ಮೂರು ವರ್ಷ ಆಯ್ತು."

ನಾನು ಆಕೆ ಹೇಳಿದಂತೆಯೇ ಮಾಡಿದೆ. ಪರದೆಯ ಮೇಲೆ, ವೈಫೈಗೆ ಸೇರಿಕೊಂಡ ಮೂರು ಕಂಪ್ಯೂಟರ್‌ಗಳ ಹೆಸರುಗಳು ಬಂದವು. ಕೆಳಗೆ ಇನ್ನೊಂದು: 'ಇಂಚರ ಫೋನ್'.

ಮನೆಯಾಕೆ ನನ್ನ ಹೆಗಲ ಮೇಲಿಂದ ಬಗ್ಗಿ ಅದನ್ನು ಓದಿದರು.

"ಇಂಚರ ಬಂದ್ಲು!" ಆಕೆ ಬರಿಗಾಲಲ್ಲೇ ಗೇಟಿಗೆ ಓಡಿದರು.

ಗಂಡ ಕದಲಲಿಲ್ಲ. ಜುಬ್ಬಾದ ಜೇಬಿನೊಳಗೆ ಬೆಳಗಿದ ಫೋನನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದರು.